ಆಟಿಯಲ್ಲಿ ನೋಡಬೇಕಾದ ಜಾಗ

(ಬಾನುಲಿ ಭಾಷಣ)

ನಮ್ಮ ಕಡೆ ಜಾಗದ ವ್ಯಾಪಾರ ಹೆಚ್ಚಾಗಿ ಕುದುರುವುದು ಬೇಸಗೆಯಲ್ಲಿ. ಅಡಿಕೆ ಮಾರಿದ ಹಣ ಕೈಗೆ ಬಂದಿರುತ್ತದೆ; ಪರವೂರಿನ ಬಂಧುಗಳು ಮದುವೆ, ಉಪನಯನಗಳ ನೆವದಿಂದ ಊರಿಗೆ ಬಂದಿರುತ್ತಾರೆ. ಆ ದಿನಗಳಲ್ಲಿ ಕುಮಾರಧಾರೆಯ ನಡುವೆ ಬಂಡೆಗಳು ಬೆನ್ನು ತೋರಿಸಿಕೊಂಡು ಮಲಗಿರುತ್ತವೆ. ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಈ ದಡದಿಂದ ಆ ದಡಕ್ಕೆ ದಾಟುತ್ತಾರೆ. ಹೊಳೆಬದಿಯ ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಕುಳಿತವನಿಗೆ, ಇಷ್ಟು ತಂಪಾದ ಸ್ಥಳವನ್ನು ಬಿಟ್ಟು ಜನ ಗುಡ್ಡದ ನೆತ್ತಿಯ ಬಿಸಿಲಿಗೆ ಹೋಗಿ ಯಾಕೆ ಮನೆ ಕಟ್ಟುತ್ತಾರೆ ಎಂದು ಅನ್ನಿಸುವುದು ಸಹಜವೇ. 2023ರ ಬೇಸಗೆಯಲ್ಲಿ ಅಂಥದೊಂದು ಜಗಲಿಯಲ್ಲಿ ಕುಳಿತು ನನ್ನ ತಂಗಿಯ ಮಗ, “ಮಾವ, ಇದನ್ನು ಬಿಟ್ಟರೆ ನಮಗೆ ಇನ್ನೊಂದು ಸಿಗಲಿಕ್ಕಿಲ್ಲ,” ಎಂದ.

ಉಪ್ಪಿನಂಗಡಿಯಿಂದ ಕಡಬದತ್ತ ಹೋಗುವ ಮಾರ್ಗವನ್ನು ಬಿಟ್ಟು ಹೊಳೆಯ ಕಡೆಗೆ ಇಳಿದರೆ ಸಿಗುವ ಜಾಗವದು. 12 ಸೆಂಟ್ಸು ನೆಲ, ಹಂಚಿನ ಮನೆ, ಬಾವಿ, ಏಳೆಂಟು ತೆಂಗು, ಬೇಲಿಯ ಬದಿಗೆ ಒಂದಿಷ್ಟು ಅಡಿಕೆ. ಕ್ರಯ ಮಾತ್ರ ಮೇಲಿನ ಗುಡ್ಡದ ಬದಿಯಲ್ಲಿ ಬರಿಯ ನೆಲಕ್ಕೆ ಕೇಳುವುದರ ಅರ್ಧ. ನನ್ನ ಅಳಿಯ ಪುತ್ತೂರಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಹತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು ಕೂಡಿಸಿದ ಹಣ, ಅದರ ಮೇಲೆ ಬ್ಯಾಂಕಿನ 20 ವರ್ಷದ ಸಾಲ. ತಂಗಿಗೆ ಮಂಡಿ ನೋವು, ಮೆಟ್ಟಿಲು ಹತ್ತಲಾರಳು. ಸಮತಟ್ಟಾದ ಅಂಗಳವನ್ನು ಕಂಡು ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಹಾಗೆ ನೋಡಿದ ಮೇಲೆ ಬೇಡವೆನ್ನಲು ನಾಲಗೆ ಏಳುವುದಿಲ್ಲ.

ಕಾಗದಪತ್ರಗಳೆಲ್ಲ ನೇರವಾಗಿದ್ದವು. ಪಹಣಿ, ನಕ್ಷೆ, ಋಣಭಾರ ಪ್ರಮಾಣಪತ್ರ, ಹಿಂದಿನ 30 ವರ್ಷಗಳ ಕ್ರಯಪತ್ರಗಳು. ಹೊಳೆಯ ಪರಂಬೋಕು ಒಳಗೆ ಸೇರಿಕೊಂಡಿದೆಯೇ ಎಂದು ಅಳತೆಯನ್ನೂ ಮಾಡಿಸಿದೆವು, ಇರಲಿಲ್ಲ. ಬ್ಯಾಂಕಿನ ವಕೀಲರು, ಏನೂ ತೊಡಕಿಲ್ಲ ಎಂದು ಬರೆದುಕೊಟ್ಟರು. ಅವರ ತಪ್ಪಲ್ಲ. ಆ ಭೂಮಿಯ ಮೇಲೆ ಯಾರ ಹಕ್ಕಿದೆ ಎಂಬುದನ್ನು ನೋಡುವುದು ಅವರ ಕೆಲಸ. ನೀರಿನ ಹಕ್ಕನ್ನು ಯಾವ ಉಪನೋಂದಣಿ ಕಚೇರಿಯಲ್ಲಿ ದಾಖಲಿಸಿದ್ದಾರೆ?

ಆದರೆ ಒಂದು ಕಾಲಕ್ಕೆ ನಮ್ಮ ಜಿಲ್ಲೆಯಲ್ಲಿ ಅದನ್ನೂ ದಾಖಲಿಸುತ್ತಿದ್ದರು ಎಂಬುದನ್ನು ಕೇಳುಗರಲ್ಲಿ ಹಿರಿಯರಾದವರು ಬಲ್ಲರು. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳಿಗೆ ಮೂರು ಹೆಸರು. ತೀರ ತಗ್ಗಿನಲ್ಲಿ ನೀರು ನಿಲ್ಲುವುದು ಬೈಲು. ಅದಕ್ಕಿಂತ ಮೇಲಿನದು ಮಜಲು. ಮಳೆಯನ್ನೇ ನಂಬಿದ್ದು ಬೆಟ್ಟು. ಫಸಲಿಗಾಗಿ, ತೀರ್ವೆಗಾಗಿ ಮಾಡಿದ ವಿಂಗಡಣೆಯಾದರೂ ನೀರು ಎಲ್ಲಿಯವರೆಗೆ ಬರುತ್ತದೆ ಎಂಬ ತಿಳಿವಳಿಕೆ ಅದರಲ್ಲಿ ಅಡಗಿತ್ತು. ಹಳೆಯ ಮನೆಗಳನ್ನು ನೋಡಿ: ಬೈಲಿನ ಅಂಚಿನಲ್ಲಿ, ಗುಡ್ಡ ಏರತೊಡಗುವ ಜಾಗದಲ್ಲಿ ಕುಳಿತಿರುತ್ತವೆ. ಬೈಲಿನ ನಡುವೆ ಮನೆ ಕಟ್ಟಿದವನನ್ನು ಹಿಂದಿನವರು ಕಂಡದ್ದು ಕಡಿಮೆ. ಹೆಸರುಗಳೂ ಹಾಗೆಯೇ. ಕುದ್ರು ಎಂದರೆ ನಡುಗಡ್ಡೆ, ಕಡವು ಎಂದರೆ ದೋಣಿ ದಾಟುವ ಸ್ಥಳ, ಪಳ್ಳ ಎಂದರೆ ನೀರು ನಿಲ್ಲುವ ತಗ್ಗು, ಅಡ್ಕವೆಂದರೆ ಬಯಲು. ಹೆಸರನ್ನು ಕೇಳಿದರೆ ಅರ್ಧ ಸಮಾಚಾರ ತಿಳಿಯಿತು. ಪೂರ್ತಿ ನಂಬಬೇಡಿ; ಸುಳ್ಯ ತಾಲೂಕಿನ ಹರಿಹರ ಪಳ್ಳತ್ತಡ್ಕದಲ್ಲಿ ಪಳ್ಳವೂ ಅಡ್ಕವೂ ಒಂದೇ ಹೆಸರಿನಲ್ಲಿ ಕೂಡಿಕೊಂಡಿವೆ, 2022ರ ಆಗಸ್ಟಿನಲ್ಲಿ ಅಲ್ಲಿ ಗೆದ್ದದ್ದು ಪಳ್ಳ. ಈಗ ಗದ್ದೆ ಭೂಪರಿವರ್ತನೆಯಾಗಿ ಸೈಟು ಆಗುತ್ತದೆ. ಆಜ್ಞಾಪತ್ರದಲ್ಲಿ ‘ವಾಸದ ಉದ್ದೇಶ’ ಎಂಬ ಎರಡೇ ಪದ. ಬೈಲು ಎಂಬ ಹೆಸರು ಅಳಿದ ಮೇಲೆ ನೀರಿನ ನೆನಪು ಉಳಿಯುವುದು ಒಂದೇ ಕಡೆ, ಕ್ರಯದಲ್ಲಿ. ಅರ್ಧ ಕ್ರಯ ಎಂದಾಗ ಮಿಕ್ಕ ಅರ್ಧವನ್ನು ಹೊಳೆಯ ಲೆಕ್ಕಕ್ಕೆ ಬರೆದಿದ್ದಾರೆ ಎಂದೇ ನಾನು ಅಳಿಯನಿಗೆ ಹೇಳಿದೆ. ಅವನು ಲೆಕ್ಕ ಬರೆಯುವವನಲ್ಲವೇ, “ಹಾಗಾದರೆ ಆ ಲೆಕ್ಕ ಎಷ್ಟು ವರ್ಷಕ್ಕೊಮ್ಮೆ ತೀರಿಸಬೇಕು?” ಎಂದು ಕೇಳಿದ.

ನ್ಯಾಯವಾದ ಪ್ರಶ್ನೆ. ಪುಷ್ಪಗಿರಿಯ ಬದಿಯಲ್ಲಿ ಹುಟ್ಟಿ ಸುಬ್ರಹ್ಮಣ್ಯವನ್ನು ಹಾದು ಬರುವ ಕುಮಾರಧಾರೆಗೆ ಶಿರಾಡಿಯ ಕಡೆಯಿಂದ ಗುಂಡ್ಯ ಹೊಳೆ ಸೇರುತ್ತದೆ. ಎರಡೂ ಕೂಡಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಬೀಳುತ್ತವೆ. ನಮ್ಮ ತಲೆಯ ಮೇಲೆ ಬಿಸಿಲಿದ್ದಾಗಲೂ ಘಟ್ಟದ ಮಳೆ ಕೆಳಗೆ ಬಂದು ಬಾಗಿಲು ತಟ್ಟಬಹುದು. ನೇತ್ರಾವತಿ ತುಂಬಿದ್ದರೆ ಕುಮಾರಧಾರೆಗೆ ಮುಂದೆ ಹರಿಯಲು ಎಡೆಯಿಲ್ಲದೆ ಹಿಂದಕ್ಕೆ ಉಬ್ಬುತ್ತದೆ. ನೆರೆಯ ನೀರು ಸಹಸ್ರಲಿಂಗೇಶ್ವರ ದೇವಸ್ಥಾನದ ಎದುರು ಒಂದಾದರೆ ಸಂಗಮವೆಂದು ಪೂಜೆ ಸಲ್ಲುತ್ತದೆ. ಭಕ್ತರಿಗೆ ಅದು ಪುಣ್ಯಕಾಲ, ತಗ್ಗಿನಲ್ಲಿರುವ ಮನೆಯವರಿಗೆ ಪಾತ್ರೆಪಗಡಿ ಅಟ್ಟಕ್ಕೇರಿಸುವ ಕಾಲ. 1923ರ ನೆರೆಯನ್ನು ನಮ್ಮ ಹಿರಿಯರು ತುಳುವಿನಲ್ಲಿ ‘ಮಾರಿ ಬೊಳ್ಳ’ ಎಂದು ಕರೆಯುತ್ತಿದ್ದರು. ಆಮೇಲೆ 1974. ನಡುವೆ 51 ವರ್ಷ. ಮತ್ತೆ 2018, ಅದರ ಬೆನ್ನಿಗೇ 2019.

ಐವತ್ತು ವರ್ಷಕ್ಕೊಮ್ಮೆ ಎಂದರೆ ಜನ ನಿಶ್ಚಿಂತರಾಗುತ್ತಾರೆ, ತಮ್ಮ ಕಾಲಕ್ಕೆ ಬಾರದು ಎಂದು. ಲೆಕ್ಕ ಹಾಗಿಲ್ಲ. ಐವತ್ತು ವರ್ಷಕ್ಕೊಮ್ಮೆ ಬರುವ ನೆರೆ ಎಂದರೆ ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ನೂರಕ್ಕೆ 2. ಇಪ್ಪತ್ತು ಮಳೆಗಾಲಗಳನ್ನೂ ಒಂದರ ಮೇಲೊಂದಾಗಿ ಒಣಗಾಲಲ್ಲಿ ದಾಟುವ ಸಂಭವ ನೂರಕ್ಕೆ 67 ಮಾತ್ರ. ಎಂದರೆ ಸಾಲದ ಕಂತು ಮುಗಿಯುವುದರೊಳಗೆ ಒಮ್ಮೆಯಾದರೂ ಮುಳುಗುವ ಸಂಭವ ಮೂರರಲ್ಲಿ ಒಂದು. ಎರಡು ವರ್ಷ ಸಾಲಾಗಿ ಬಂದುದನ್ನು ಕಂಡ ಮೇಲೆ ಐವತ್ತು ಎಂಬ ಅಂಕೆಯನ್ನೇ ನಂಬುವುದು ಕಷ್ಟ. ವಿಮೆ ಉಂಟಲ್ಲ ಎಂದ ಅಳಿಯ. ಉಂಟು, 2021ರಿಂದ ಬಂದಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ನೆರೆ, ಭೂಕುಸಿತ, ಭೂಕಂಪ ಎಲ್ಲ ಸೇರಿವೆ. ಗೋಡೆಗೂ ಮಾಡಿಗೂ ಹಣ ಬರುತ್ತದೆ. ನೆಲದ ಕ್ರಯ ಬೀಳುವುದಕ್ಕೆ, ಬಾವಿಯ ನೀರು ಕೆಟ್ಟು ತಿಂಗಳುಗಟ್ಟಲೆ ಕೊಡ ಹೊರುವುದಕ್ಕೆ ವಿಮೆಯಿಲ್ಲ.

ಕೊನೆಗೆ ನಾನೊಂದು ಷರತ್ತು ಹಾಕಿದೆ: ಮುಂಗಡ ಕೊಡುವ ಮೊದಲು ಆಟಿಯಲ್ಲಿ ಒಮ್ಮೆ ನೋಡಬೇಕು. ತಂಗಿ ಕೆಂಡವಾದಳು. ಆಟಿ ತಿಂಗಳಲ್ಲಿ ಯಾರಾದರೂ ಮನೆ ನೋಡಲು ಹೋಗುತ್ತಾರೆಯೇ? ಶುಭಕಾರ್ಯಕ್ಕೆ ಆಗದ ತಿಂಗಳೆಂದು ನಾವು ಮನೆಯೊಳಗೆ ಕುಳಿತುಬಿಡುತ್ತೇವೆ. ಹೊಳೆ ತನ್ನ ನಿಜವಾದ ಅಳತೆಯನ್ನು ತೋರಿಸುವುದೂ ಅದೇ ತಿಂಗಳಲ್ಲಿ. ಕೊಡೆ ಹಿಡಿದುಕೊಂಡು ನಾನೂ ಅಳಿಯನೂ ಹೋದೆವು.

ಹೊಳೆ ಆ ದಿನ ದಡ ಮೀರಿರಲಿಲ್ಲ. ಆದರೆ ಬೇಸಗೆಯಲ್ಲಿ ಕಣ್ಣಿಗೆ ಬೀಳದ್ದೆಲ್ಲ ಮೋಡದ ಬೆಳಕಿನಲ್ಲಿ ಬಿತ್ತು. ಮನೆಯ ಗೋಡೆಗೆ ಎದೆಮಟ್ಟದವರೆಗೆ ಹೊಸ ಗಾರೆ, ಅಲ್ಲಿಂದ ಮೇಲಕ್ಕೆ ಹಳೆಯದು. ವಿದ್ಯುತ್ತಿನ ಮೀಟರು ಕೈಗೆಟುಕದ ಎತ್ತರದಲ್ಲಿತ್ತು. ಹಳೆಯ ಅಡಿಕೆ ಮರಗಳಲ್ಲಿ ಒಂದು ಮಟ್ಟದ ಕೆಳಗೆ ಕಾಂಡದ ಬಣ್ಣವೇ ಬೇರೆ. ಪಕ್ಕದ ಮನೆಯ ಮುದುಕಿ ಜಗಲಿಗೆ ಕರೆದು ಬೆಲ್ಲ, ನೀರು ಕೊಟ್ಟಳು. 2018ರಲ್ಲಿ ಎರಡು ರಾತ್ರಿ, ಮರುವರ್ಷ ಮೂರು ರಾತ್ರಿ ಮನೆ ಬಿಟ್ಟಿದ್ದಳಂತೆ. ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದೆ. “ಹಗಲು ಬಂದರೆ ಹೇಳಿ ಬರುತ್ತದೆ ಮಾಸ್ಟ್ರೆ, ರಾತ್ರಿ ಬಂದರೆ ಮಾತ್ರ ಹೇಳುವುದಿಲ್ಲ,” ಎಂದಳು. ಮಾರಿಬಿಟ್ಟು ಹೋಗಬಹುದಲ್ಲ ಎಂದದ್ದಕ್ಕೆ ಅವಳಿಗೆ ನಗು ಬಂತು. ಗುಡ್ಡದ ಮೇಲೆ ತಮ್ಮನ ಮನೆ ಉಂಟು, ದನಗಳಿಗೂ ಅಲ್ಲಿ ಹಟ್ಟಿ ಉಂಟು, ಮಗನಿಗೆ ಈಜು ಬರುತ್ತದೆ, ನೆರೆ ಇಳಿದ ಮೇಲೆ ತೋಟಕ್ಕೆ ಮೆಕ್ಕಲು ಬೀಳುತ್ತದೆ.

ನನ್ನ ಲೆಕ್ಕವೆಲ್ಲ ತಲೆಕೆಳಗಾದದ್ದು ಆಗ. ಅಪಾಯವನ್ನು ನಾನು ಆ 12 ಸೆಂಟ್ಸಿನಲ್ಲಿ ಹುಡುಕುತ್ತಿದ್ದೆ. ಬೇಲಿಯ ಈಚೆ ಇರುವ ಮುದುಕಿಗೂ ಆಚೆ ಬರಲಿರುವ ನನ್ನ ತಂಗಿಗೂ ಹೊಳೆ ಒಂದೇ, ಮಟ್ಟ ಒಂದೇ; ಗಂಡಾಂತರ ಮಾತ್ರ ಒಂದೇ ಅಲ್ಲ. ಅವಳಿಗೆ ಓಡಿಹೋಗಲು ಮನೆಯುಂಟು, ತಲೆಯ ಮೇಲೆ ಸಾಲವಿಲ್ಲ. ನನ್ನ ತಂಗಿ ಮಂಡಿ ಹಿಡಿದುಕೊಂಡು ನಡುರಾತ್ರಿ ಆ ಏರನ್ನು ಹತ್ತಬೇಕು. ಅಳಿಯನ ದುಡಿಮೆಯೆಲ್ಲ ಆ ನಾಲ್ಕು ಗೋಡೆಗಳಲ್ಲಿ ನೆನೆಯುತ್ತಿರುತ್ತದೆ. ಮುದುಕಿಗೆ ಅಗ್ಗವಾದದ್ದು ಇವರಿಗೆ ತುಟ್ಟಿ.

ಹಾಗಾದರೆ ಗುಡ್ಡಕ್ಕೆ ಹೋಗೋಣವೆಂದರೆ ಅದೂ ಅಷ್ಟು ಸುಲಭವಲ್ಲ. ಅದೇ ಮಳೆಗಾಲದಲ್ಲಿ ಸುಳ್ಯದ ಕಡೆಯ ಒಂದೆರಡು ಜಾಗಗಳನ್ನೂ ನೋಡಿದೆವು. ಸಂಪಾಜೆಯ ಸುತ್ತಿನಲ್ಲಿ ಒಬ್ಬಿಬ್ಬರು, ಕೇಳಿದ್ದಕ್ಕಿಂತ ಕಡಿಮೆಗೂ ಕೊಡುತ್ತೇವೆ ಎಂದರು. ಕಾರಣ ಕೇಳಬೇಕಾಗಿರಲಿಲ್ಲ. 2018ರಲ್ಲಿ ಮೇಲೆ ಜೋಡುಪಾಲದಲ್ಲಿ ಗುಡ್ಡ ಜರಿದು ಜನ ಉಟ್ಟಬಟ್ಟೆಯಲ್ಲಿ ಕೆಳಗಿಳಿದು ಬಂದಿದ್ದರು. 2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಸುಳ್ಯಗಳಲ್ಲಿ ನೆಲ ಸಣ್ಣಗೆ ಮತ್ತೆ ಮತ್ತೆ ನಡುಗಿತು; ಒಂದು ತಿಂಗಳು ಕಳೆದು ಆಗಸ್ಟ್ ಮೊದಲಲ್ಲಿ ಕಲ್ಲುಗುಂಡಿಯ ಮನೆಗಳಿಗೆ ಪಯಸ್ವಿನಿ ನುಗ್ಗಿತು. ಅದೇ ಮಳೆಯಲ್ಲಿ ಸುಬ್ರಹ್ಮಣ್ಯದ ಹತ್ತಿರ ಗುಡ್ಡ ಕುಸಿದು ಮನೆಯೊಳಗಿದ್ದ ಎಳೆಯ ಅಕ್ಕತಂಗಿಯರಿಬ್ಬರು ತೀರಿಕೊಂಡರು. ಆ ಮಕ್ಕಳನ್ನು ಒಯ್ದದ್ದು ಹೊಳೆಯಲ್ಲ, ಮಣ್ಣು. ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲು, ಅದರ ಅಡಿಗೆ ಶೇಡಿ ಮಣ್ಣು. ಒಣಗಿದ್ದಾಗ ಕಲ್ಲಿನ ಹಾಗಿರುವ ಶೇಡಿ ನೀರು ಕುಡಿದರೆ ಅಂಬಲಿಯಾಗುತ್ತದೆ. ಯಂತ್ರ ತಂದು ಬರೆಯನ್ನು ನೆಟ್ಟಗೆ ಕಡಿದು, ಅದಕ್ಕೆ ಬೆನ್ನು ಕೊಟ್ಟು ಮನೆ ಕಟ್ಟಿದರೆ, ನೆರೆಗೆ ಹೆದರಿ ಬಂದವನು ಮಣ್ಣಿನ ಕೈಗೆ ಸಿಕ್ಕಂತೆಯೇ. ಸೈಟು ನೋಡುವಾಗ ಹಿಂದಿನ ಬರೆಯಲ್ಲಿ ಬಿಳಿಯ, ನಸುಗೆಂಪಿನ ಪಟ್ಟೆ ಕಂಡರೆ, ಮಳೆ ನಿಂತ ಮೇಲೂ ಅಲ್ಲಿಂದ ನೀರು ಒಸರುತ್ತಿದ್ದರೆ, ಕ್ರಯ ಕೇಳುವ ತೊಂದರೆ ತೆಗೆದುಕೊಳ್ಳಬೇಡಿ.

ಹೊಳೆಬದಿಯ ಮನೆಯನ್ನು ಮಾರುತ್ತಿದ್ದವನು ನನ್ನ ಹಳೆಯ ವಿದ್ಯಾರ್ಥಿ. ಹೊಸ ಗಾರೆಯ ವಿಷಯವನ್ನು ನಾನು ಎತ್ತಿದಾಗ ತಲೆ ತಗ್ಗಿಸಿದ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನಲ್ಲಿ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನು ಸಾಮಾನ್ಯ ಎಚ್ಚರದಿಂದ ಕಂಡುಕೊಳ್ಳಲಾರದ ದೊಡ್ಡ ದೋಷವಿದ್ದರೆ ಮಾರುವವನೇ ತಿಳಿಸಬೇಕೆಂದಿದೆ. ಸಾಮಾನ್ಯ ಎಚ್ಚರವೆಂದರೆ ಎಷ್ಟು? ಹೊಳೆ ಎದುರಿಗೇ ಹರಿಯುತ್ತಿರುವಾಗ ನೆರೆ ಬರುತ್ತದೆಂದು ಗೊತ್ತಿರಲಿಲ್ಲ ಎಂದರೆ ಯಾವ ನ್ಯಾಯಾಧೀಶರು ಒಪ್ಪಿಯಾರು? ಜಪಾನಿನಲ್ಲಿ 2020ರಿಂದೀಚೆಗೆ ಮನೆ ಮಾರಿಸುವ ದಲ್ಲಾಳಿ ನೆರೆಯ ನಕ್ಷೆಯನ್ನು ಬಿಡಿಸಿ, ಈ ಮನೆ ಇಂಥಲ್ಲಿದೆ ಎಂದು ಕೊಳ್ಳುವವನಿಗೆ ತೋರಿಸಲೇಬೇಕೆಂದು ನಿಯಮವಾಗಿದೆ. ಅದೇ ದೇಶದ ಅನೆಯೋಶಿ ಎಂಬ ಹಳ್ಳಿಯಲ್ಲಿ, ಇದರಿಂದ ಕೆಳಗೆ ಮನೆ ಕಟ್ಟಬಾರದೆಂದು ಹಿಂದಿನವರು ಒಂದು ಕಲ್ಲು ನೆಟ್ಟಿದ್ದರು; 2011ರ ಸುನಾಮಿ ಅದರ ಕೆಳಗೇ ನಿಂತಿತು. ನಾವು ಗುರುತಿನ ಮೇಲೆ ಗಾರೆ ಬಳಿಯುತ್ತೇವೆ.

ಆದರೆ ಹುಡುಗನನ್ನು ಬಯ್ಯಲು ನನ್ನಿಂದಾಗಲಿಲ್ಲ. ಅವನೂ ಒಂದು ಬೇಸಗೆಯಲ್ಲಿ, ಇನ್ನೊಬ್ಬನ ಹೊಸ ಗಾರೆಯನ್ನು ನೋಡಿ ಕೊಂಡವನೇ. ಹೆಂಡತಿಯ ಚಿಕಿತ್ಸೆಗೆ ಹಣ ಬೇಕಾಗಿತ್ತು. “ನಿಜ ಹೇಳಿದರೆ ಇದನ್ನು ಯಾರು ಕೊಳ್ಳುತ್ತಾರೆ ಮಾಸ್ಟ್ರೆ? ನನಗೆ ಯಾರೂ ಹೇಳಲಿಲ್ಲ,” ಎಂದ. ಎಲ್ಲರೂ ನಿಜ ಹೇಳತೊಡಗಿದ ದಿನ ಯಾರ ಕೈಯಲ್ಲಿ ಆ ಜಾಗ ಇರುತ್ತದೋ ನಷ್ಟವೆಲ್ಲ ಅವನೊಬ್ಬನದು. ಸುಳ್ಳು ಹೇಳಬೇಡವೆಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆ ಜಗಲಿಯಲ್ಲಿ ಅವನಿಗೆ ಹೇಳಲು ನನಗೆ ಪಾಠವಿರಲಿಲ್ಲ.

ನಾವು ಕೊಳ್ಳಲಿಲ್ಲ. ಅಳಿಯ ಇಂದಿಗೂ ಬಾಡಿಗೆ ಮನೆಯಲ್ಲಿದ್ದಾನೆ. ಮೇಲಿನ ಜಾಗಗಳ ಕ್ರಯ ಅವನ ಉಳಿತಾಯಕ್ಕಿಂತ ಬೇಗ ಏರುತ್ತಿದೆ. “ಅಣ್ಣ, ನಿನ್ನ ಲೆಕ್ಕದಿಂದ ನಮಗೆ ಮನೆಯಾಗಲಿಲ್ಲ,” ಎಂದು ತಂಗಿ ಹೇಳುವುದುಂಟು. ಆಮೇಲೆ ಬಂದ ಮಳೆಗಾಲದಲ್ಲೂ ಆ ಮನೆ ಮುಳುಗಲಿಲ್ಲ. ಅದನ್ನೂ ಅವಳು ನೆನಪಿಸುತ್ತಾಳೆ.

ಅದರ ಮಾರನೆಯ ಬೇಸಗೆಯಲ್ಲಿ ಕೆಂಪುಕಲ್ಲು ಕಟ್ಟುವ ಒಬ್ಬ ಮೇಸ್ತ್ರಿ ಹೆಂಡತಿಯೊಂದಿಗೆ ನನ್ನ ಮನೆಗೆ ಬಂದ. ನಾವು ನೋಡಿ ಬಿಟ್ಟ ಜಾಗವೆಂದು ತಿಳಿದು ವಿಚಾರಿಸಲು ಬಂದಿದ್ದ. ಅರಿತದ್ದನ್ನೆಲ್ಲ ಹೇಳಿದೆ, ಆಟಿಯಲ್ಲಿ ಒಮ್ಮೆ ನೋಡಿ ಆಮೇಲೆ ನಿಶ್ಚಯ ಮಾಡು ಎಂದೆ. “ಆಟಿಯವರೆಗೆ ಬಾಡಿಗೆ ಕೊಡುವುದು ಯಾರು ಮಾಸ್ಟ್ರೆ?” ಎಂದ. ಆಮೇಲೆ, ಗುರುತು ಎಲ್ಲಿಯವರೆಗೆ ಉಂಟು ಎಂದು ಕೇಳಿದ. ಎದ್ದುನಿಂತು ಎದೆಯ ಹತ್ತಿರ ಕೈಯಿಟ್ಟು ತೋರಿಸಿದೆ. ಅವನು ಕಣ್ಣಳತೆಯಲ್ಲೇ ನೋಡಿ, “ಆರು ಸಾಲು, ಏಳು ಇದ್ದರೆ ಒಳ್ಳೆಯದು,” ಎಂದು ಹೆಂಡತಿಗೆ ಹೇಳಿದ.

ಕಳೆದ ಆಟಿಯಲ್ಲಿ ಆ ದಾರಿಯಾಗಿ ಹೋಗಿದ್ದೆ. ಹಳೆಯ ಮನೆಯ ಬದಿಗೆ, ಏಳು ಸಾಲು ಕಲ್ಲಿನ ಪಂಚಾಂಗದ ಮೇಲೆ ಒಂದೇ ಕೋಣೆಯ ಹೊಸ ಮನೆ ಎದ್ದಿತ್ತು. ಮೇಸ್ತ್ರಿಯ ಹೆಂಡತಿ ಮೆಟ್ಟಿಲ ಮೇಲೆ ಕುಳಿತು ಬೀಡಿ ಕಟ್ಟುತ್ತಿದ್ದಳು. ಹೊಳೆ ಕೆಂಪಾಗಿ, ಅಡಿಕೆ ಮರಗಳ ಬುಡಕ್ಕೆ ಹತ್ತು ಮಾರು ದೂರದಲ್ಲಿ ಹರಿಯುತ್ತಿತ್ತು. ನನ್ನನ್ನು ಕಂಡು ಎದ್ದುನಿಂತು, “ಈ ಸಲ ಇಷ್ಟೇ ಮಾಸ್ಟ್ರೆ, ಇನ್ನೂ ಹದಿನೈದು ದಿನ ಉಂಟು,” ಎಂದಳು.