ಬರಿದಾಗದ ಮಡಕೆ



ಕ್ರಿಸ್ತಪೂರ್ವ 9ನೇ ಶತಮಾನದ ಇಸ್ರೇಲ್. ಅಹಾಬ ಅಲ್ಲಿನ ಅರಸ. ರಾಣಿ ಈಜೆಬೆಲ್ ಚೀದೋನಿನ ರಾಜನ ಮಗಳು. ಅವಳೊಡನೆ ಬಾಳನ ಆರಾಧನೆ ಅರಮನೆಯಲ್ಲೇ ಬೇರೂರಿತು. ಬಾಳನೆಂದರೆ ಗುಡುಗು ಮಳೆಗಳ ದೇವರು. ಅಂಥ ಅರಸನಿಗೆ ಎಲೀಯನೆಂಬ ಪ್ರವಾದಿ, ತಾನು ಹೇಳುವ ತನಕ ಮಳೆ ಹಾಗಿರಲಿ, ಇಬ್ಬನಿಯೂ ಬೀಳದು ಎಂದುಬಿಟ್ಟ.

ಬರ ಬಂದರೆ ಅದನ್ನು ಸಾರಿದವನನ್ನು ಬಿಟ್ಟೀತೆ? ಎಲೀಯ ಕೆರೀತ್ ಹಳ್ಳದ ಬಳಿ ಅಡಗಿ ಕೂತ. ಬೆಳಿಗ್ಗೆ, ಸಂಜೆ ಕಾಗೆಗಳು ಅವನಿಗೆ ರೊಟ್ಟಿ, ಮಾಂಸ ತಂದುಕೊಟ್ಟವು ಎನ್ನುತ್ತದೆ ಹೀಬ್ರೂ ಗ್ರಂಥ. ಮೋಶೆಯ ಧರ್ಮಶಾಸ್ತ್ರ ಅಶುದ್ಧವೆಂದ ಹಕ್ಕಿ ಅದು! ಸ್ವಲ್ಪ ಕಾಲಕ್ಕೆ ಹಳ್ಳವೂ ಬತ್ತಿತು. ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಈ ಮಾತು. ದೇವರೇ ತೋರಿಸಿದ ಹಳ್ಳ, ಅದೂ ಬತ್ತಿತು.

ಮುಂದಿನ ಅಪ್ಪಣೆ ಚಾರೆಪ್ತ ಊರಿಗೆ. ಅಲ್ಲಿ ಒಬ್ಬ ವಿಧವೆ ಅವನನ್ನು ಸಾಕಬೇಕು. ಚಾರೆಪ್ತ ಇರುವುದು ಚೀದೋನಿನ ಸೀಮೆಯಲ್ಲಿ, ಅಂದರೆ ಈಜೆಬೆಲಳ ತವರಿನಲ್ಲಿ. ಅದರ ಅವಶೇಷ ಇಂದಿನ ಲೆಬನಾನಿನ ಕರಾವಳಿಯಲ್ಲಿದೆ. 1969ರಿಂದ ಕೆಲವು ವರ್ಷ ಜೇಮ್ಸ್ ಪ್ರಿಚರ್ಡ್ ಎಂಬ ಪುರಾತತ್ವಜ್ಞರು ಅಗೆಸಿದಾಗ ಅಲ್ಲಿ ಕುಂಬಾರರ ಆವಿಗೆಗಳು ಸಿಕ್ಕವು. ಆ ಊರಲ್ಲಿ ಮಡಕೆಗೆ ಬರವಿರಲಾರದು. ಬರ ಇದ್ದದ್ದು ಮಡಕೆಯ ಒಳಗೆ.

ಊರ ಬಾಗಿಲಲ್ಲಿ ಆ ಹೆಂಗಸು ಪುಳ್ಳೆ ಆಯುತ್ತಿದ್ದಳು. ಎಲೀಯ ನೀರು ಕೇಳಿದ. ತರಲು ಹೊರಟವಳನ್ನು ಕೂಗಿ ರೊಟ್ಟಿಯನ್ನೂ ಕೇಳಿದ. ಮನೆಯ ಮಡಕೆಯಲ್ಲಿರುವುದು ಹಿಡಿ ಹಿಟ್ಟು, ಕುಡಿಕೆಯಲ್ಲಿ ತುಸು ಎಣ್ಣೆ, ತಾನೂ ಮಗನೂ ಅದನ್ನು ತಿಂದು ಸಾಯುವುದೊಂದೇ ಬಾಕಿ ಎಂದಳು ಅವಳು. ಅಂಥವಳ ಹತ್ತಿರ ಮೊದಲ ರೊಟ್ಟಿ ತನಗೇ ಬೇಕೆಂದು ಕೇಳಲು ಅವನಿಗೆ ಬಾಯಾದರೂ ಹೇಗೆ ಬಂತೋ! ಮಳೆ ಬರುವ ತನಕ ಹಿಟ್ಟು ತೀರದು ಎಂದು ತನ್ನ ದೇವರ ಹೆಸರಲ್ಲಿ ಭರವಸೆ ಕೊಟ್ಟ, ನಿಜ. ಆದರೆ ಅವಳಿಗೆ ಅವನೂ ಹೊರಗಿನವನು, ಅವನ ದೇವರೂ ಹೊರಗಿನವನು. ಆದರೂ ಹೋಗಿ ರೊಟ್ಟಿ ಮಾಡಿದಳು.

ಮಡಕೆ ತುಂಬಿತೆಂದು ಗ್ರಂಥ ಹೇಳುವುದಿಲ್ಲ, ಬರಿದಾಗಲಿಲ್ಲ ಎಂದಷ್ಟೇ ಹೇಳುತ್ತದೆ. ಹಾಗಾದರೆ ಅವಳಿಗೆ ದಿನವೂ ಕಂಡದ್ದು ಅದೇ ಹಿಡಿ ಹಿಟ್ಟು ಇರಬೇಕು. ಇವತ್ತಿನದನ್ನು ತೆಗೆದ ಮೇಲೆ ನಾಳೆಗೆ ಉಂಟೋ ಇಲ್ಲವೋ, ಬೆಳಗಾದ ಮೇಲೆ ಕೈಹಾಕಿಯೇ ನೋಡಬೇಕು. ನಿನ್ನೆಯ ಧೈರ್ಯ ಇವತ್ತಿಗೆ ಸಾಲುವುದಿಲ್ಲ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಸಿಕ್ಕ ಮನ್ನ ಎಂಬ ಆಹಾರವೂ ಹೀಗೆಯೇ. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆಂದು ಇಟ್ಟದ್ದನ್ನು ಬಿಟ್ಟರೆ, ನಾಳೆಗೆ ಎತ್ತಿಟ್ಟದ್ದೆಲ್ಲ ಹುಳ ಬಿದ್ದು ನಾರಿತು.

ಹಿಟ್ಟು ತೀರದ ಆ ಮನೆಗೂ ಸಾವು ಬಂತು. ಕಾಯಿಲೆ ಬಿದ್ದ ಮಗನ ಉಸಿರು ನಿಂತಿತು. ತಾಯಿ ಎಲೀಯನ ಮೇಲೆ ಸಿಡಿದಳು, ಎಲೀಯ ದೇವರನ್ನೇ ಪ್ರಶ್ನಿಸಿದ. ಗ್ರಂಥ ಇಬ್ಬರನ್ನೂ ಗದರುವುದಿಲ್ಲ. ಹುಡುಗ ಬದುಕಿದ.

ಮುಂದೆ ಮಳೆಯೂ ಬಂತು. ಆದರೆ ಈಜೆಬೆಲಳ ಬೆದರಿಕೆಗೆ ಹೆದರಿದ ಎಲೀಯ ಬೇರ್ಷೆಬದ ಆಚೆಯ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕೂತು ಸಾವು ಬೇಡಿದ. ಅಷ್ಟೆಲ್ಲ ಕಂಡವನಿಗೇ ಸಾಕಾಗಿ ಹೋಗಿತ್ತು. ಬಂದ ದೇವದೂತ ಉಪದೇಶ ಮಾಡಲಿಲ್ಲ. ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು ತೋರಿಸಿ, ಎದ್ದು ಉಣ್ಣಲು ಹೇಳಿದ. ಎಲೀಯ ಉಂಡು ಮತ್ತೆ ಮಲಗಿದ! ದೂತ ಎರಡನೇ ಸಲ ಎಬ್ಬಿಸಿ ಉಣಿಸಿದ, ನಡೆಯಬೇಕಾದ ದಾರಿ ದೊಡ್ಡದೆಂದು. ಆ ಊಟದ ಬಲದಲ್ಲಿ ಎಲೀಯ ಹೋರೇಬ್ ಬೆಟ್ಟದ ತನಕ 40 ಹಗಲು 40 ರಾತ್ರಿ ನಡೆದ.

ವಿಧವೆಯ ಕಥೆ ಅರಸುಗಳ ಮೊದಲನೆಯ ಪುಸ್ತಕದ 17ನೇ ಅಧ್ಯಾಯದಲ್ಲಿದೆ. ಇಡೀ ಅಧ್ಯಾಯ ಬರೀ 24 ವಚನ. ನಿಮ್ಮ ಮನೆಯ ದೇವರು ಯಾರೇ ಇರಲಿ, ಬಿಡುವಾದಾಗ ಒಮ್ಮೆ ಓದಿ.