ನಡೆದವರೇ ಬರೆಯುವ ದಾರಿ

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಮಗೆ ವಾರಕ್ಕೆ ಸಿಗುವ ರಜೆ ಒಂದು ದಿನ. ಆ ದಿನ ಕೋಣೆಯಲ್ಲಿ ಮಲಗುವವರುಂಟು, ಸಿನಿಮಾಕ್ಕೆ ಹೋಗುವವರುಂಟು. ಅದು ತಪ್ಪೆಂದು ಹೇಳಲು ನಾವು ಇಲ್ಲಿ ನಿಂತಿಲ್ಲ. ಒಲೆಯ ಮುಂದೆ ಹತ್ತು ತಾಸು ನಿಂತವನಿಗೆ, ಯಂತ್ರದ ಸದ್ದಿನಲ್ಲಿ ರಾತ್ರಿ ಪಾಳಿ ಮುಗಿಸಿದವನಿಗೆ ನಿದ್ದೆ ಬೇಕು. ಆದರೆ ಹೊಗೆ, ಧೂಳು ಕುಡಿದ ಎದೆಗೆ ಒಳ್ಳೆಯ ಗಾಳಿಯೂ ಬೇಕಲ್ಲವೆ?

ಹೈದರಾಬಾದಿನ ಸುತ್ತ ಗುಡ್ಡಗಳಿಗೆ ಬರವಿಲ್ಲ. ಇಲ್ಲಿಯ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅವನ್ನು ಒಡೆದು ಜಲ್ಲಿ ಮಾಡುವುದನ್ನು ತಡೆಯಲೆಂದೇ 1996ರಲ್ಲಿ ‘ಸೊಸೈಟಿ ಟು ಸೇವ್ ರಾಕ್ಸ್’ ಎಂಬ ಸಂಸ್ಥೆ ಹುಟ್ಟಿತು; ಜನರನ್ನು ಬಂಡೆಗಳ ನಡುವೆ ನಡೆಸಿಕೊಂಡು ಹೋಗಿ ತೋರಿಸುವುದು ಅದರ ಕೆಲಸಗಳಲ್ಲೊಂದು. ಹೀಗಿರುವಾಗ ನಮ್ಮಲ್ಲಿ ಬಹುಮಂದಿ ಗುಡ್ಡದ ಕಡೆ ಹೋಗದಿರುವುದು ಏಕೆ? ಸೋಮಾರಿತನದಿಂದಲ್ಲ. ಎಲ್ಲಿ ಇಳಿಯಬೇಕು, ನೀರು ಎಲ್ಲಿ ಸಿಗುತ್ತದೆ, ತಿರುಗಿ ಬರುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಇದು ತಿಳಿಯದು. ದಾರಿ ತಪ್ಪಿ, ಬಸ್ಸು ತಪ್ಪಿ, ಮರುದಿನದ ಪಾಳಿಯೂ ತಪ್ಪಿದರೆ ಕೂಲಿ ಹೋಯಿತು. ಸ್ವಂತ ಕಾರು ಇದ್ದವನಿಗೆ ದಾರಿ ತಪ್ಪುವುದೊಂದು ಮೋಜು. ನಮಗೆ ಅದು ಸಂಬಳದ ಪ್ರಶ್ನೆ.

ಇದಕ್ಕೆ ಒಂದು ಉಪಾಯ ಈಗ ನಮ್ಮ ಕಿಸೆಯಲ್ಲಿಯೇ ಇದೆ. ಅದೇ ಫೋನು. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಎಂಬ ತರುಣ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ನಕಾಶೆಯನ್ನು ಆರಂಭಿಸಿದ. ಅಲ್ಲಿ ಸರಕಾರದ ನಕಾಶೆ ಆಗ ಎಲ್ಲರ ಕೈಗೆ ಮುಕ್ತವಾಗಿ ಸಿಗುತ್ತಿರಲಿಲ್ಲ. ನಡೆದವರೇ ಕೂಡಿ ನಕಾಶೆ ಬರೆಯೋಣ, ಅದು ಎಲ್ಲರ ಸೊತ್ತಾಗಿರಲಿ ಎಂಬುದು ಅವನ ವಿಚಾರ. ಇಂದು ಅದರಲ್ಲಿ ಒಂದು ಕೋಟಿಗೂ ಹೆಚ್ಚು ಜನ ಹೆಸರು ನೋಂದಾಯಿಸಿದ್ದಾರೆ. ಇದೇ ರೀತಿ ‘ವಿಕಿವಾಯೇಜ್’ ಎಂಬ ಪ್ರವಾಸ ಕೈಪಿಡಿ 2006ರಲ್ಲಿ ಜರ್ಮನ್ ಭಾಷೆಯಲ್ಲಿ ಆರಂಭವಾಯಿತು. 2013ರಿಂದ ವಿಕಿಪೀಡಿಯ ನಡೆಸುವ ಸಂಸ್ಥೆಯ ಆಶ್ರಯದಲ್ಲಿದೆ. ಎರಡಕ್ಕೂ ಮಾಲೀಕನೊಬ್ಬನಿಲ್ಲ, ಓದಲು ದುಡ್ಡಿಲ್ಲ, ಬರೆಯಲು ಪದವಿ ಬೇಕಿಲ್ಲ. ಹತ್ತು ಜನ ಕೈ ಹಾಕಿ ಎಳೆಯುವ ತೇರು ಇದು.

ಇದು ಬರಿಯ ಹವ್ಯಾಸವೆಂದು ತಿಳಿಯಬೇಡಿ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪವಾದಾಗ ಅದರ ರಾಜಧಾನಿಗೆ ಸರಿಯಾದ ನಕಾಶೆ ಇರಲಿಲ್ಲ. ದೇಶದೇಶದ ಸ್ವಯಂಸೇವಕರು ಮನೆಯಲ್ಲಿ ಕುಳಿತು, ಉಪಗ್ರಹದ ಚಿತ್ರ ನೋಡಿ, ಕೆಲವೇ ದಿನಗಳಲ್ಲಿ ಬೀದಿಬೀದಿಗಳನ್ನು ಬರೆದುಕೊಟ್ಟರು. ರಕ್ಷಣೆಗೆ ಹೋದವರು ಅದನ್ನು ಹಿಡಿದೇ ನಡೆದರು.

ಈಗ ನಮ್ಮ ಸುತ್ತಲಿನ ಜಾಗಗಳಿಗೆ ಬರೋಣ. ಬೀದರಿಗೂ ಕಲಬುರಗಿಗೂ ಹೋಗುವ ರೈಲು ಹತ್ತುವ ನಮಗೆ ವಿಕಾರಾಬಾದ್ ಜಂಕ್ಷನ್ ಹೊಸದಲ್ಲ. ಅಲ್ಲಿ ಚಹ ಕುಡಿದಿದ್ದೇವೆ. ಇಳಿದು ನೋಡಿದವರು ಎಷ್ಟು ಜನ? ಊರಿನಿಂದ ಐದಾರು ಕಿಲೋಮೀಟರಿನಲ್ಲಿ ಅನಂತಗಿರಿ ಗುಡ್ಡ. ಹೈದರಾಬಾದಿನ ನಡುವೆ ಹರಿಯುವ ಮೂಸಿ ನದಿ ಹುಟ್ಟುವುದು ಅಲ್ಲಿ. ಇನ್ನು ಪೂರ್ವಕ್ಕೆ ಸುಮಾರು 50 ಕಿಲೋಮೀಟರು ಹೋದರೆ ಭುವನಗಿರಿ. ಒಂದೇ ಬಂಡೆಯ ಮೇಲೆ ನಿಂತ ಕೋಟೆ. ನಮ್ಮ ಕಲ್ಯಾಣದ ಚಾಳುಕ್ಯ ಚಕ್ರವರ್ತಿ ತ್ರಿಭುವನಮಲ್ಲ ಆರನೆಯ ವಿಕ್ರಮಾದಿತ್ಯನ ಹೆಸರಿನಿಂದ ಊರಿಗೆ ಆ ಹೆಸರು ಬಂತೆಂದು ಹೇಳುತ್ತಾರೆ. ಅದೇ ಬಂಡೆಯ ಮೇಲೆ ತರಬೇತು ಪಡೆದ ಮಾಲಾವತ್ ಪೂರ್ಣಾ, ಹೊಲದಲ್ಲಿ ಕೂಲಿ ಮಾಡುವವರ ಮಗಳು, 2014ರ ಮೇ 25ರಂದು 13ನೆಯ ವಯಸ್ಸಿನಲ್ಲಿ ಎವರೆಸ್ಟ್ ಏರಿದಳು. ಕೂಲಿಯವರ ಮಕ್ಕಳಿಗೆ ಗುಡ್ಡವೇಕೆ ಎನ್ನುವವರಿಗೆ ಇದಕ್ಕಿಂತ ಉತ್ತರ ಬೇಡ.

ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಳಿ ಬೊಮ್ಮಲಮ್ಮಗುಟ್ಟ ಎಂಬ ಗುಡ್ಡವಿದೆ. ಅದರ ಬಂಡೆಯ ಮೇಲೆ ಹತ್ತನೆಯ ಶತಮಾನದಲ್ಲಿ ಆದಿಕವಿ ಪಂಪನ ತಮ್ಮ ಜಿನವಲ್ಲಭ ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಯಲ್ಲಿ ಶಾಸನ ಕೆತ್ತಿಸಿದ. ಪಂಪನ ಮನೆತನದ ವಿಷಯ ನಮಗೆ ತಿಳಿದದ್ದು ಬಹುಮಟ್ಟಿಗೆ ಆ ಬಂಡೆಯಿಂದ. ಅಲ್ಲಿಗೆ ಹೋಗುವ ಕಾಲುದಾರಿಯನ್ನು ಕನ್ನಡಿಗನಲ್ಲದೆ ಇನ್ನಾರು ಅಕ್ಕರೆಯಿಂದ ಬರೆದಾರು?

ಈ ಕೈಪಿಡಿಯನ್ನು ಬಳಸುವ ಕ್ರಮ ಹೇಳುತ್ತೇವೆ. ಹೊರಡುವ ಹಿಂದಿನ ರಾತ್ರಿಯೇ ನಕಾಶೆಯನ್ನು ಫೋನಿಗೆ ಇಳಿಸಿಕೊಳ್ಳಿ. ‘ಆರ್ಗ್ಯಾನಿಕ್ ಮ್ಯಾಪ್ಸ್’, ‘ಓಸ್ಮಾಂಡ್’ ಎಂಬವು ಇದಕ್ಕೆ ಒದಗುತ್ತವೆ. ಗುಡ್ಡದಲ್ಲಿ ಸಿಗ್ನಲ್ ಇಲ್ಲದಿದ್ದರೂ ನೀವು ನಿಂತ ಜಾಗವನ್ನು ಫೋನು ತೋರಿಸುತ್ತದೆ. ಬರೆದದ್ದೆಲ್ಲ ವೇದವಾಕ್ಯವಲ್ಲ, ಯಾವಾಗ ಬರೆದದ್ದು ಎಂದು ನೋಡಿ. ಮಳೆಗಾಲದಲ್ಲಿ ಬರೆದ ನೀರಿನ ಸೆಲೆ ಏಪ್ರಿಲಿನಲ್ಲಿ ಒಣಗಿರಬಹುದು. ಊರಿನವರನ್ನು ಒಂದು ಮಾತು ಕೇಳಿ. ಕುರಿ ಕಾಯುವವನಿಗೆ ತಿಳಿದಷ್ಟು ದಾರಿ ಯಾವ ನಕಾಶೆಗೂ ತಿಳಿಯದು. ನೀರು ನಿಮ್ಮ ಕೈಯಲ್ಲೇ ಇರಲಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲು ಬಂಡೆ ಇಳಿಯಿರಿ.

ಆದರೆ ಉಂಡು ಎದ್ದು ಹೋದರೆ ಸಾಲದು, ಬಡಿಸುವುದಕ್ಕೂ ಕೈ ಬೇಕು. ಹೋಟೆಲಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂದು ಇಂಥ ಕೈಪಿಡಿಗಳಲ್ಲಿ ಕಾರು ನಿಲ್ಲಿಸುವ ಜಾಗ ಬೇಗ ಸಿಗುತ್ತದೆ. ಕೊನೆಯ ಬಸ್ಸಿನ ಮಾತು ಹುಡುಕಬೇಕಾಗುತ್ತದೆ. ಬರೆದವರು ಕೆಟ್ಟವರೆಂದಲ್ಲ, ಅವರು ಬಸ್ಸಿಗೆ ಕಾದವರಲ್ಲ. ಕಾದವರು ನಾವು. ನಾವು ಬರೆಯದಿದ್ದರೆ ನಮ್ಮ ಹಿಂದೆ ಬರುವ ಹುಡುಗ ಮತ್ತೆ ಅದೇ ಕತ್ತಲೆಯಲ್ಲಿ ನಿಲ್ಲುತ್ತಾನೆ.

ಬರೆಯುವ ನಿಯಮ ಕೆಲವೇ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಿರಿ. ಕಂಪೆನಿಗಳ ನಕಾಶೆಯಿಂದ ನಕಲು ಮಾಡಬೇಡಿ. ಅದು ಪರರ ಸೊತ್ತು. ಇನ್ನೊಬ್ಬರು ಬರೆದದ್ದು ತಪ್ಪೆನಿಸಿದರೆ ಅಳಿಸುವ ಮೊದಲು ವಿಚಾರಿಸಿ; ಯಾರು ಯಾವಾಗ ಏನು ತಿದ್ದಿದರೆಂಬ ಲೆಕ್ಕ ಅಲ್ಲಿ ಉಳಿದಿರುತ್ತದೆ. ಊರವರು ಕರೆಯುವ ತೆಲುಗು, ಉರ್ದು ಹೆಸರು ಹಾಗೆಯೇ ಇರಲಿ. ಕನ್ನಡದ ಹೆಸರು ಬರೆಯಲು ಬೇರೆಯೇ ಜಾಗವುಂಟು. ಅವರ ಗುಟ್ಟ, ನಮ್ಮ ಗುಡ್ಡ, ಇವೆರಡು ಜಗಳವಾಡಿದ್ದಿಲ್ಲ. ಒಬ್ಬರ ಹೊಲದ ನಡುವಿನ ದಾರಿಯನ್ನು ಸಾರ್ವಜನಿಕ ದಾರಿಯೆಂದು ಬರೆಯಬೇಡಿ. ಅರಣ್ಯ ಇಲಾಖೆ ತಡೆದ ಕಡೆ ‘ಪ್ರವೇಶವಿಲ್ಲ’ ಎಂದೇ ಬರೆಯಿರಿ. ಅಮ್ರಾಬಾದಿನ ಹುಲಿ ಕಾಡಿನಲ್ಲಿ ಒಂದು ತಪ್ಪು ಗೆರೆ ಮನುಷ್ಯನಿಗೂ ಪ್ರಾಣಿಗೂ ಕೇಡು ತಂದೀತು.

ಓದು ಬರಹ ಕಡಿಮೆ ಇದ್ದವರು ಹಿಂದೆ ಸರಿಯಬೇಡಿ. ನಡೆದ ದಾರಿಯನ್ನು ಫೋನೇ ಗುರುತಿಟ್ಟುಕೊಳ್ಳುತ್ತದೆ. ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ತಮ್ಮಂದಿರು ನಮ್ಮಲ್ಲಿದ್ದಾರೆ.

ಆದುದರಿಂದ ನಮ್ಮ ಸೂಚನೆ ಇಷ್ಟು. ರಜೆ ಕೂಡಿಬಂದ ನಾಲ್ಕೈದು ಮಂದಿ ಒಂದು ತಂಡವಾಗಿ ಮೊದಲು ಅನಂತಗಿರಿಗೆ ಹೋಗಿಬರಲಿ. ಒಬ್ಬರು ರೈಲು ಬಸ್ಸಿನ ವೇಳೆ, ಒಬ್ಬರು ಕುಡಿಯುವ ನೀರು, ಒಬ್ಬರು ಕಾಲುದಾರಿ, ಒಬ್ಬರು ಅಗ್ಗದ ಊಟ ಸಿಗುವ ಜಾಗ, ಹೀಗೆ ತಲೆಗೊಂದು ಸಂಗತಿ ತರಲಿ. ಮರುವಾರ ಕೂಡಿ ಕುಳಿತು ಅದನ್ನು ಬರೆದು ಸೇರಿಸೋಣ. ಈ ನಗರದ ಜನರಿಗೆ ಊಟ ಬಡಿಸಿದ ಕೈ, ಬಟ್ಟೆ ನೇಯ್ದ ಕೈ, ದಾರಿಯನ್ನೂ ತೋರಿಸಲಿ.

ಹೆಸರು ಕೊಡುವವರು ಸಭೆ ಮುಗಿದ ಮೇಲೆ ಇಲ್ಲಿಯೇ ಕೊಡಬಹುದು.