ಮಧುಮೇಹ ಶುಶ್ರೂಷೆ ಮತ್ತು ಊಟದ ಹೊತ್ತು



ಕಾವ್ಯ, ಶಾಸನ, ವೇದಾಂತಗಳನ್ನು ಕುರಿತು ವಿದ್ವಾಂಸರು ಮಾತನಾಡತಕ್ಕ ಇಂಥ ವೇದಿಕೆಯ ಮೇಲೆ, ಪಾವಗಡ ಮಧುಗಿರಿಗಳ ಕಡೆಯ ಒಣಸೀಮೆಯಲ್ಲಿ ಸಕ್ಕರೆ ಕಾಯಿಲೆಯವರ ಶುಶ್ರೂಷೆಯಲ್ಲಿಯೇ ಉದ್ಯೋಗದ ಬಹುಭಾಗವನ್ನು ಕಳೆದ ನರ್ಸಮ್ಮನೊಬ್ಬಳನ್ನು ಕರೆತಂದು ನಿಲ್ಲಿಸಿರುವುದು ತಮ್ಮ ಔದಾರ್ಯವೋ ಸಾಹಸವೋ ಎಂಬುದನ್ನು ಉಪನ್ಯಾಸ ಮುಗಿದ ಬಳಿಕ ತಾವೇ ನಿರ್ಣಯಿಸಬಹುದು.

ಮಧುಮೇಹವನ್ನು ಚರಕ ಸುಶ್ರುತರು ಬಲ್ಲವರಾಗಿದ್ದರು. ಆದರೆ 1921ರಲ್ಲಿ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರ ಪ್ರಯೋಗಗಳಿಂದ ಇನ್ಸುಲಿನ್ ದೊರಕಿ, ಮರುವರ್ಷದ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಅದನ್ನು ಚುಚ್ಚಿದ ತರುವಾಯ, ಎಳೆಯರಿಗೆ ಮೃತ್ಯುವೇ ಆಗಿದ್ದ ವ್ಯಾಧಿಯು ಆಜೀವ ಸಹವಾಸವಾಗಿ ಪರಿಣಮಿಸಿತು; ಸಹವಾಸವಾದ ವ್ಯಾಧಿಯನ್ನು ಆಸ್ಪತ್ರೆಯ ಮಂಚದ ಮೇಲೆ ನೋಡಿಕೊಳ್ಳಲಾಗದು, ಅಡುಗೆಮನೆಯಲ್ಲಿಯೂ ಹೊಲದ ಬದುವಿನಲ್ಲಿಯೂ ನೋಡಿಕೊಳ್ಳಬೇಕಾಗುತ್ತದೆ. ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ ಅವರು ಇದನ್ನು ಬೇಗ ಗ್ರಹಿಸಿ ದಾದಿಯರನ್ನು ರೋಗಿಗಳ ಮನೆಗಳಿಗೆ ಕಳುಹಿಸಿದರು. 1950ರ ದಶಕದಲ್ಲಿ ಇಂಗ್ಲೆಂಡಿನ ಲೆಸ್ಟರಿನಲ್ಲಿ ಡಾ. ಜೋನ್ ವಾಕರ್ ಅವರು ಮಧುಮೇಹಕ್ಕೆಂದೇ ಮನೆಭೇಟಿಯ ದಾದಿಯರನ್ನು ನಿಯೋಜಿಸಿದರು. ನಮ್ಮಲ್ಲಿ ಮಧುಮೇಹ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು ಆರಂಭವಾದುದು 2010ರಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಸುಮಾರು 10 ಕೋಟಿಯೆಂದು ಅಂದಾಜು ಮಾಡಿದ ಮೇಲೆಯೂ ಇದು ಪಟ್ಟಣದ ಶ್ರೀಮಂತರ ಕಾಯಿಲೆಯೆಂದು ನಂಬುವವರು ಉಳಿದಿದ್ದರೆ, ಅವರು ಒಂದು ದಿನ ಯಾವುದಾದರೂ ತಾಲ್ಲೂಕು ಆಸ್ಪತ್ರೆಯ ಸರದಿಯಲ್ಲಿ ನಿಂತು ನೋಡಬಹುದು.

ಈಗ ಮುಖ್ಯವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಹೆಚ್ಚಾಗಿ ಕೊಡುವ ಮಿಶ್ರ ಇನ್ಸುಲಿನ್ನಿನ ಚೀಟಿಯಲ್ಲಿ ‘ಊಟಕ್ಕೆ ಅರ್ಧ ಗಂಟೆ ಮುಂಚೆ’ ಎಂದು ಬರೆದಿರುತ್ತದೆ. ಯಾರ ಊಟಕ್ಕೆ? ಮನೆಯ ಸೊಸೆಯಾದವಳು ಒಲೆಯ ಮೇಲೆ ಹಿಟ್ಟು ಕುದಿಯುವಾಗ ಸೂಜಿ ಚುಚ್ಚಿಕೊಂಡು, ಮುದ್ದೆ ಕಟ್ಟಿ, ಮಾವನಿಗೆ, ಗಂಡನಿಗೆ, ಮಕ್ಕಳಿಗೆ, ಅತ್ತೆಗೆ ಬಡಿಸಿ, ದನಗಳಿಗೆ ಮುಸುರೆಯಿಟ್ಟು, ತಾನು ತಣಿಗೆಯ ಮುಂದೆ ಕೂರುವ ಹೊತ್ತಿಗೆ ಗಂಟೆ ಎರಡು ಕಳೆದಿರುತ್ತದೆ. ಔಷಧವಾದರೋ ಸಂಸಾರದ ಮರ್ಯಾದೆಗಳನ್ನು ಅರಿಯದೆ ತನ್ನ ಕೆಲಸವನ್ನು ಮುಗಿಸಿರುತ್ತದೆ. ಮೈಬೆವರಿ, ಕೈನಡುಗಿ, ಮಾತು ತೊದಲಿದರೆ ಮನೆಯವರಿಗೆ ತೋಚುವುದು ಗಾಳಿಸೋಕು, ಅದಕ್ಕೆ ಉಪಾಯ ತಾಯಿತ. ಸಕ್ಕರೆಯ ಪ್ರಮಾಣ 70ಕ್ಕಿಂತ ಇಳಿದಾಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಕಾಲು ಗಂಟೆಯ ಬಳಿಕ ಮತ್ತೆ ಪರೀಕ್ಷಿಸಿರೆಂದರೆ, “ಶುಗರ್ ಇರೋರಿಗೆ ಯಾರಾದ್ರೂ ಸಕ್ಕರೆ ಕೊಡ್ತಾರಾ ಸಿಸ್ಟರ್?” ಎಂದು ನಮ್ಮ ವಿದ್ಯೆಯನ್ನೇ ಸಂದೇಹಿಸುತ್ತಾರೆ. ಇಂಥಲ್ಲಿ ಸೊಸೆಗೆ ಎಷ್ಟು ಬೋಧಿಸಿದರೂ ಫಲವಿಲ್ಲ, ಅತ್ತೆಯನ್ನು ಒಲಿಸಿಕೊಳ್ಳಬೇಕು. “ಅಜ್ಜಿ, ಸೂಜಿ ಚುಚ್ಕೊಂಡ್ಮೇಲೆ ಅವಳು ಉಣ್ಣೋದು ತಡ ಆಗ್ಬಾರ್ದು. ನೀವೇ ಮುಂದೆ ಕೂತು ಉಣ್ಣಿಸಿ” ಎಂದು ಜವಾಬ್ದಾರಿಯನ್ನು ಅವರ ಮಡಿಲಿಗೆ ಹಾಕಿದಲ್ಲಿ, ಗಂಡಸರಿಗಿಂತ ಮುಂಚೆ ಸೊಸೆ ಉಣ್ಣುವ ಕ್ರಾಂತಿಯು ಸದ್ದಿಲ್ಲದೆ ನಡೆದುಹೋಗುವುದನ್ನು ನಾನು ಕಂಡಿದ್ದೇನೆ.

ಕಣ್ಣಿಗಿಂತ ಕೈಗೇ ಹೆಚ್ಚು ತಿಳಿಯುವ ಸಂಗತಿಗಳೂ ಉಂಟು. ಹೊಟ್ಟೆಯ ಒಂದೇ ಜಾಗದಲ್ಲಿ ದಿನವೂ ಚುಚ್ಚಿಕೊಂಡರೆ ಅಲ್ಲಿ ಚರ್ಮದಡಿ ಮೆತ್ತನೆಯ ಗಂಟು ಬೆಳೆಯುತ್ತದೆ. ಅಲ್ಲಿ ನೋವು ತಿಳಿಯದಾದುದರಿಂದ ರೋಗಿಗೆ ಅದೇ ಪ್ರಿಯವಾಗುತ್ತದೆ, ಔಷಧವು ಅಲ್ಲಿಂದ ರಕ್ತಕ್ಕೆ ಕ್ರಮವಾಗಿ ಸೇರದೆ ಸಕ್ಕರೆಯು ಮನಬಂದಂತೆ ಏರಿಳಿಯುತ್ತದೆ. ಚೀಟಿಯಲ್ಲಿ ಔಷಧದ ಪ್ರಮಾಣವನ್ನು ಏರಿಸುತ್ತ ಹೋಗುವುದಕ್ಕೆ ಮುಂಚೆ ಹೊಟ್ಟೆಯನ್ನು ಮುಟ್ಟಿ ನೋಡುವುದು ಒಳಿತು. ಸಿರಿಂಜಿನ ವಿಷಯವೂ ಹಾಗೆಯೇ: ಮಿಲಿಲೀಟರಿಗೆ 40 ಯೂನಿಟ್ಟಿನ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜು ಸಲ್ಲತಕ್ಕದ್ದು, ಅಂಗಡಿಯವನು 100ರ ಕಿತ್ತಳೆ ಮುಚ್ಚಳದ್ದನ್ನು ಕೊಟ್ಟನಾದರೆ, 20ರ ಗೆರೆಯವರೆಗೆ ಎಳೆದುಕೊಂಡವರ ಮೈಗೆ ಹೋಗುವುದು ಕೇವಲ 8 ಯೂನಿಟ್. ಫ್ರಿಜ್ಜಿಲ್ಲದ ಮನೆಗಳಲ್ಲಿ ಒದ್ದೆ ಮರಳಿನ ನಡುವೆ ಇಟ್ಟ ಮಡಕೆಯು ಬಳಕೆಯಲ್ಲಿರುವ ಸೀಸೆಯನ್ನು ಬೇಸಗೆಯ ತಾಪದಿಂದ ಬಹುಮಟ್ಟಿಗೆ ಕಾಪಾಡುತ್ತದೆ. ಸ್ಪರ್ಶವಡಗಿದ ಅಂಗಾಲಿಗೆ ಜಾಲಿಮುಳ್ಳು ನಾಟಿದುದು ಕೀವಾಗುವವರೆಗೆ ತಿಳಿಯದೆಂಬುದನ್ನೂ, ರಾಗಿಮುದ್ದೆಯನ್ನು ಎಷ್ಟು ಉಂಡರೂ ಶುಗರ್ ಏರದೆಂಬ ನಂಬಿಕೆಯು ಮುದ್ದೆಯ ಗಾತ್ರವನ್ನು ಮರೆತದ್ದೆಂಬುದನ್ನೂ ಹೇಳಿ ಮುಂದೆ ಸಾಗುತ್ತೇನೆ.

ಇಷ್ಟನ್ನೆಲ್ಲ ಬಲ್ಲವಳಿಗೆ ಇರುವ ಅಧಿಕಾರವೆಷ್ಟು? ಬ್ರಿಟನ್ನಿನಲ್ಲಿ ವಿಶೇಷ ಶಿಕ್ಷಣ ಪಡೆದ ದಾದಿಯರು 2006ರಿಂದೀಚೆಗೆ ಬಹುತೇಕ ಔಷಧಗಳನ್ನು ತಾವೇ ಬರೆಯಬಲ್ಲರು. ನಮ್ಮಲ್ಲಿ ರೋಗಿಯ ಸಕ್ಕರೆಯು ಬೆಳಗಿನ ಜಾವ ಪದೇ ಪದೇ ಕುಸಿಯುತ್ತಿರುವುದನ್ನು ಆಕೆಯ ಜಗುಲಿಯ ಮೇಲೆಯೇ ಕುಳಿತು ಕಂಡರೂ ಎರಡು ಯೂನಿಟ್ ತಗ್ಗಿಸೆನ್ನಲು ನಮಗೆ ಅನುಮತಿಯಿಲ್ಲ. ಆಕೆಯು ಕೂಲಿಯನ್ನು ಬಿಟ್ಟು, ಬಸ್ಸು ಹಿಡಿದು, ತಾಲ್ಲೂಕು ಆಸ್ಪತ್ರೆಯ ಸರದಿಯಲ್ಲಿ ನಿಂತು ಅದೇ ಮಾತನ್ನು ವೈದ್ಯರ ಬಾಯಿಂದ ಕೇಳಿಬರಬೇಕು. ಹಲವರು ಹೋಗುವುದೇ ಇಲ್ಲ, ಚುಚ್ಚಿಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತಾರೆ.

ಔಷಧ ಬರೆಯುವ ಹಕ್ಕನ್ನು ನಾನು ಬೇಡುತ್ತಿಲ್ಲ. ವೈದ್ಯರು ಪ್ರತಿಯೊಬ್ಬ ರೋಗಿಯ ಚೀಟಿಯಲ್ಲಿಯೂ ತಮ್ಮ ಸಹಿಯೊಡನೆ ಒಂದು ಕೆಳಮಿತಿಯನ್ನು ಬರೆದು, ಅಲ್ಲಿಯವರೆಗೆ ತಗ್ಗಿಸುವ ಅವಕಾಶವನ್ನು ಮಾತ್ರ ದಾದಿಗೆ ಕೊಟ್ಟು, ಏರಿಸುವ ಅಧಿಕಾರವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿ. ತಪ್ಪಾದರೆ ಹೊಣೆ ಯಾರದೆಂದು ಕೇಳುವರು. ತಗ್ಗಿಸಿದ ದಿನವನ್ನೂ ಕಾರಣವನ್ನೂ ಅದೇ ಚೀಟಿಯ ಬೆನ್ನಿಗೆ ಬರೆದು ಸಹಿ ಹಾಕುವುದಕ್ಕೆ ನಾನಂತೂ ಸಿದ್ಧಳಿದ್ದೇನೆ, ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಅನೇಕರೂ ಸಿದ್ಧರಿದ್ದಾರೆ.